ಎಲೆಕ್ಟ್ರಾನು ಹಗುರಾಗುವ ಬಗೆ

ಕಾಣಿಯೂರಿನ ವಾಚಕರೊಬ್ಬರ ಕಾಗದದಲ್ಲಿ ಪ್ರಶ್ನೆಯೊಡನೆ ತುಸು ಸಿಟ್ಟೂ ಸೇರಿದೆ. ಎಲೆಕ್ಟ್ರಾನಿನ ದ್ರವ್ಯರಾಶಿ ಎಲ್ಲೆಡೆಯೂ ಒಂದೇ ಎಂದು ಅವರ ಮಗಳ ಒಂದು ಪಠ್ಯಪುಸ್ತಕ ಹೇಳುತ್ತದೆಯಂತೆ. ಗ್ಯಾಲಿಯಂ ಆರ್ಸೆನೈಡ್ ಹರಳಿನಲ್ಲಿ ಅದು ಹದಿನೈದರಲ್ಲೊಂದು ಪಾಲು ಮಾತ್ರ ಎನ್ನುತ್ತದೆ ಇನ್ನೊಂದು. "ಯಾವುದನ್ನು ಅಟ್ಟಕ್ಕೆ ಹಾಕಲಿ?" ಎಂದು ಕೇಳಿದ್ದಾರೆ.

ಮಹಾಶಯರೇ, ಎರಡನ್ನೂ ಮೇಜಿನ ಮೇಲೆಯೇ ಇಡಿರಿ. ಪುಸ್ತಕ ಸುಳ್ಳಾಡಿತೆಂಬ ಶಂಕೆ ಹುಡುಗಿಯ ಮನಸ್ಸಿನಲ್ಲಿ ಬೇರೂರಿದರೆ ಶಾಸ್ತ್ರದ ಮೇಲಿನ ಅಕ್ಕರೆಯೇ ಆರಿಹೋದೀತು.

ನಿಮ್ಮ ಸೀಮೆಯ ಕುಮಾರಧಾರೆಯನ್ನೇ ನೆನೆಯೋಣ. ದೋಣಿಯವನು ಬಿದಿರ ಗಳುವನ್ನು ಊರಿ ತಳ್ಳುತ್ತಾನೆ. ಹೊಳೆಯ ಸೆಳೆತವೂ ಕೂಡಿಕೊಂಡು ದೋಣಿ ಮುನ್ನುಗ್ಗುತ್ತದೆ. ಸೆಳೆತವನ್ನರಿಯದೆ ದಡದಲ್ಲಿ ನಿಂತವನು 'ಎಷ್ಟು ಹಗುರ ದೋಣಿ!' ಎಂದಾನು. ಹರಳಿನೊಳಗೆ ಸಾಲುಗಟ್ಟಿದ ಪರಮಾಣುಗಳೂ ಹೀಗೆಯೇ ಎಲೆಕ್ಟ್ರಾನಿನ ಓಟದಲ್ಲಿ ಕೈಯಾಡಿಸುತ್ತವೆ. ಅವುಗಳ ಪಾಲನ್ನೆಲ್ಲ ಒಂದೇ ಅಂಕಿಯೊಳಗೆ ಅಡಗಿಸಿದರೆ ದೊರೆಯುವುದೇ 'ಪರಿಣಾಮಿ ದ್ರವ್ಯರಾಶಿ'. ಹೋಲಿಕೆಯನ್ನು ಬಹಳ ಎಳೆಯಬಾರದು: ಹೊಳೆ ಸುಮ್ಮನಿದ್ದ ದೋಣಿಯನ್ನೂ ಒಯ್ಯುತ್ತದೆ; ಹರಳಾದರೋ ನಾವು ತಳ್ಳಿದಾಗ ಮಾತ್ರ ತನ್ನ ಪಾಲನ್ನು ಸೇರಿಸುತ್ತದೆ.

ಆ ಪಾಲು ಎಷ್ಟೆಂಬುದನ್ನು ನಿರ್ಧರಿಸುವುದು ಶಕ್ತಿಪಟ್ಟಿಯ ಆಕಾರ. ಕ್ರಮಬದ್ಧವಾದ ಹರಳಿನಲ್ಲಿ ಎಲೆಕ್ಟ್ರಾನು ಅಲೆಯಾಗಿ ಸಾಗುತ್ತದೆಂದು ಫೆಲಿಕ್ಸ್ ಬ್ಲಾಕ್ 1928ರಲ್ಲಿ ತೋರಿಸಿದರು. ಅದರ ಸಂವೇಗಕ್ಕೆ ಎದುರಾಗಿ ಶಕ್ತಿಯ ನಕ್ಷೆ ಬರೆದರೆ ಪಟ್ಟಿಯ ತಳ ಪಾತ್ರೆಯಂತೆ ಬಾಗಿರುತ್ತದೆ. ಬಾಗು ಕಡಿದಾಗಿದ್ದು ಬೋಗುಣಿಯಂತಿದ್ದರೆ ಎಲೆಕ್ಟ್ರಾನು ಹಗುರ. ಹರಿವಾಣದಂತೆ ಚಪ್ಪಟೆಯಾಗಿದ್ದರೆ ಭಾರ. ಕೆಳಗಿನ ಪಟ್ಟಿಗೂ ಮೇಲಿನ ಪಟ್ಟಿಗೂ ನಡುವಣ ಅಂತರ ಕಿರಿದಾದಷ್ಟೂ ಬಾಗು ಸಾಮಾನ್ಯವಾಗಿ ಕಡಿದಾಗುತ್ತದೆ. ಆದುದರಿಂದಲೇ ಅಂತರ ತೀರ ಕಿರಿದಾದ ಇಂಡಿಯಂ ಆಂಟಿಮನೈಡಿನಲ್ಲಿ ಎಲೆಕ್ಟ್ರಾನಿನ ಭಾರ ಸುಮಾರು ಎಪ್ಪತ್ತರಲ್ಲೊಂದು ಪಾಲು.

ಸಿಲಿಕಾನಿನದು ಇನ್ನೂ ಸೋಜಿಗದ ಸಂಗತಿ. ಅಲ್ಲಿಯ ಪಾತ್ರೆ ದುಂಡಗಿಲ್ಲ, ದೋಣಿಯಂತಿದೆ: ಉದ್ದಕ್ಕೆ ಬಾಗು ಕಡಮೆ, ಅಡ್ಡಕ್ಕೆ ಹೆಚ್ಚು. ಉದ್ದದ ದಿಕ್ಕಿನಲ್ಲಿ ತಳ್ಳಿದರೆ ಎಲೆಕ್ಟ್ರಾನಿನ ಭಾರ ಹೊರಗಿರುವುದರ 0.98 ಪಾಲು, ಅಡ್ಡ ತಳ್ಳಿದರೆ 0.19 ಪಾಲು. ಇದು ಬರಿಯ ಲೆಕ್ಕವಲ್ಲ. ಡ್ರೆಸೆಲ್‌ಹೌಸ್, ಕಿಪ್ ಮತ್ತು ಕಿಟೆಲ್ ಎಂಬ ವಿಜ್ಞಾನಿಗಳು 1950ರ ದಶಕದಲ್ಲಿ ಬರ್ಕ್ಲಿಯಲ್ಲಿ ಹರಳನ್ನು ದ್ರವ ಹೀಲಿಯಮ್ಮಿನಿಂದ ತಣಿಸಿ, ಅಯಸ್ಕಾಂತದ ನಡುವೆ ಎಲೆಕ್ಟ್ರಾನುಗಳನ್ನು ಸುತ್ತಿಸಿ ಅಳೆದರು.

ಹಗುರಾದದ್ದೇ ಗೆಲ್ಲಬೇಕೆಂದಿಲ್ಲ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1962ರಲ್ಲಿ ಅರೆವಾಹಕಗಳ ತಯಾರಿಕೆಗೆ ತೊಡಗಿದಾಗ ಆರಿಸಿಕೊಂಡದ್ದು ಜರ್ಮೇನಿಯಮ್ಮನ್ನು. ಸಿಲಿಕಾನಿಗಿಂತ ಅದರಲ್ಲಿ ಎಲೆಕ್ಟ್ರಾನುಗಳ ಓಟ ಚುರುಕು. ಆದರೆ ಪಟ್ಟಿಗಳ ಅಂತರ ಕಿರಿದಾದ ಕಾರಣ ಅದು ಬಿಸಿಗೆ ಬೇಗ ಸೋಲುತ್ತದೆ. ಬಿಸಿಯನ್ನು ತಾಳಿಕೊಂಡ, ತನ್ನ ಮೈಮೇಲೆ ತಾನೇ ಒಳ್ಳೆಯ ಆಕ್ಸೈಡ್ ಪದರವನ್ನು ಬೆಳೆಸಿಕೊಳ್ಳಬಲ್ಲ ಸಿಲಿಕಾನ್ ಮುಂದೆ ಬಂತು.

ಅದರ ಪಾತ್ರೆಯನ್ನಾದರೂ ತಿದ್ದಬಹುದೇ? ಅದೂ ಸಾಧಿಸಿತು. ಇಂಟೆಲ್ ಕಂಪನಿ 2003ರಲ್ಲಿ ಬಳಕೆಗೆ ತಂದ ಉಪಾಯದಲ್ಲಿ ಸಿಲಿಕಾನಿನ ಪರಮಾಣುಗಳನ್ನು ಕೆಲವೆಡೆ ಹಿಗ್ಗಿಸುತ್ತಾರೆ, ಕೆಲವೆಡೆ ಒತ್ತುತ್ತಾರೆ. ಪರಮಾಣುಗಳ ಅಂತರ ನೂರರಲ್ಲೊಂದು ಪಾಲಿನಷ್ಟು ಬದಲಾದರೂ ಪಟ್ಟಿಗಳ ಆಕಾರ ಮಾರ್ಪಟ್ಟು ವಿದ್ಯುತ್ತಿನ ಹರಿವು ಚುರುಕಾಗುತ್ತದೆ.