ಗಂಧದ ಜೀನೋಮ್ ಓದಿದ್ದಾಯಿತು, ಮರದ ಲೆಕ್ಕ ಎಲ್ಲಿ?

ಅರಸೀಕೆರೆ ಕಡೆಯ ನಮ್ಮ ಖುಷ್ಕಿ ಹೊಲದ ಬದುವಿನಲ್ಲಿ ಎರಡು ಗಂಧದ ಮರಗಳಿವೆ. ಒಂದೇ ನರ್ಸರಿಯ ಸಸಿಗಳು, ಒಂದೇ ಮಳೆಗಾಲದಲ್ಲಿ ನೆಟ್ಟವು, ದಪ್ಪವೂ ಹೆಚ್ಚುಕಡಿಮೆ ಒಂದೇ. ಹೋದ ವರ್ಷ ಬೈರಿಗೆ ಹಾಕಿಸಿ ನೋಡಿದೆ. ಒಂದರಿಂದ ಘಮ್ಮೆನ್ನುವ ಹಳದಿ ಪುಡಿ ಬಂತು. ಇನ್ನೊಂದರಲ್ಲಿ ಬರೀ ಬಿಳಿ ಮರ, ಚೇಗಿನ ಸುಳಿವೇ ಇಲ್ಲ. ಗಂಧದಲ್ಲಿ ದುಡ್ಡಿರುವುದು ಚೇಗಿನಲ್ಲಿ. ಕಳ್ಳರ ಕಾಟಕ್ಕೆ ನಾಯಿ ಸಾಕಿ, ಕ್ಯಾಮೆರಾ ಹಾಕಿಸಿ, ಹನ್ನೆರಡು ಹದಿನೈದು ವರ್ಷ ಕಾದವನಿಗೆ ಕೊನೆಗೆ ಸಿಗುವುದು ಸೌದೆಯೋ ಬಂಗಾರವೋ ಎಂದು ಸಸಿ ಕೊಳ್ಳುವಾಗ ಹೇಳಬಲ್ಲವರು ಯಾರೂ ಇಲ್ಲ.

ಹೇಳಲು ಬೇಕಾದ ಅರ್ಧ ಸಾಮಗ್ರಿ ನಮ್ಮ ಕೈಲಿದೆ. ಬೆಂಗಳೂರಿನ ವಿಜ್ಞಾನಿಗಳಿದ್ದ ತಂಡವೊಂದು ಶ್ರೀಗಂಧದ ಜೀನೋಮನ್ನು ಓದಿ 2018ರಲ್ಲಿ ‘ಪ್ಲಾಂಟ್ ಫಿಸಿಯಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿತು. ಸುಮಾರು 22 ಕೋಟಿ ಅಕ್ಷರಗಳು, 38 ಸಾವಿರಕ್ಕೂ ಹೆಚ್ಚು ಜೀನ್‌ಗಳು. ಮನುಷ್ಯನ ಜೀನೋಮ್ 300 ಕೋಟಿ ಅಕ್ಷರಗಳದ್ದು ಎಂಬುದನ್ನು ನೆನೆದರೆ ಗಂಧದ್ದು ಚಿಕ್ಕದೇ. ಅದಕ್ಕೂ ಮೊದಲು, 2011ರಲ್ಲೇ, ಕೆನಡಾ ಮತ್ತು ಆಸ್ಟ್ರೇಲಿಯಾದ ಸಂಶೋಧಕರು ಸುವಾಸನೆಯ ಮೊದಲ ಹೆಜ್ಜೆಯಾದ ಸ್ಯಾಂಟಲೀನ್ ತಯಾರಿಸುವ ಜೀನನ್ನು ಗುರುತಿಸಿದ್ದರು. ಸ್ಯಾಂಟಲೀನ್ ಮುಂದೆ ಸ್ಯಾಂಟಲಾಲ್ ಆಗುತ್ತದೆ. ಮೈಸೂರು ಗಂಧದೆಣ್ಣೆಯ ಹೆಸರು ನಿಂತಿರುವುದೇ ಅದರ ಮೇಲೆ.

‘ಇದರಿಂದ ರೈತನಿಗೇನು ಬಂತು?’ ಎಂದು ಪಕ್ಕದ ಹೊಲದವರು ಕೇಳುತ್ತಾರೆ. ಇದೆಲ್ಲ ದಂಡದ ಖರ್ಚು ಎನ್ನುವವರ ಸಾಲಿನಲ್ಲಿ ನಾನಿಲ್ಲ. ಆದರೆ ಪಹಣಿ ಕೈಲಿದ್ದು ಹದ್ದುಗಲ್ಲು ಎಲ್ಲಿದೆಯೆಂದು ತಿಳಿಯದ ಸ್ಥಿತಿ ನಮ್ಮದು. ಯಾವ ಜೀನ್ ಇದ್ದ ಮರದಲ್ಲಿ ಚೇಗು ಬೇಗ ಕೂಡುತ್ತದೆ ಎಂದು ತಿಳಿಯಬೇಕಾದರೆ ಒಂದು ಮರದ ಜೀನೋಮ್ ಸಾಲದು. ಸಾವಿರಾರು ಮರಗಳ ಎಲೆಯೂ ಬೇಕು, ಆ ಮರಗಳನ್ನು ಕಡಿದಾಗ ಸಿಕ್ಕ ಚೇಗಿನ ತೂಕ, ಎಣ್ಣೆಯ ಅಂಶದ ಲೆಕ್ಕವೂ ಬೇಕು. ಎಲ್ಲ ಜೀನಿನದೇ ಆಟವೂ ಅಲ್ಲ. ನೀರು ಹಾಯಿಸಿ ಬೆಳೆಸಿದ ಮರ ಕೊಬ್ಬುತ್ತದೆ, ಚೇಗು ಕಟ್ಟುವುದಿಲ್ಲ, ಕಲ್ಲುನೆಲದ್ದೇ ಗಟ್ಟಿ ಎಂದು ನಮ್ಮ ಕಡೆ ಹಿರಿಯರು ಹೇಳುತ್ತಿದ್ದರು. ಪಕ್ಕದ ಗಿಡದ ಬೇರಿಗೆ ಬೇರು ಹಾಕಿ ಹೀರುವ ಮರ ಇದು. ಆಸರೆಗೆ ತೊಗರಿ ಇತ್ತೋ ಸರ್ವೆ ಇತ್ತೋ ಎಂಬುದನ್ನೂ ಬರೆದಿಡಬೇಕು. ಆಗಲೇ ನೆಲದ ಪಾಲೆಷ್ಟು, ಬೀಜದ ಪಾಲೆಷ್ಟು ಎಂದು ಬಿಡಿಸಲಾದೀತು.

ಈ ಲೆಕ್ಕ ಇಡಲು ಇದೇ ಸಮಯ. ಟಿಪ್ಪುವಿನ ಕಾಲದಿಂದ ಗಂಧ ಎಲ್ಲಿ ಹುಟ್ಟಿದರೂ ಸರ್ಕಾರದ್ದಾಗಿತ್ತು. ಜಮೀನಿನವನೇ ಮರದ ಒಡೆಯ ಎಂದು ಕಾನೂನು ತಿದ್ದಿದ್ದು 2001ರಲ್ಲಿ. ಆಮೇಲೆ ರೈತರು ನೆಟ್ಟ ಮರಗಳು ಈಗ ಕಟಾವಿಗೆ ಬರುತ್ತಿವೆ. ನಾನು ಕಂಡ ಕಟಾವುಗಳಲ್ಲಿ ತೂಕ ಬರೆದುಕೊಂಡರು, ದರ್ಜೆ ಬರೆದುಕೊಂಡರು. ಎಲೆ ಕೇಳಿದವರಿಲ್ಲ, ಬೀಜ ಎಲ್ಲಿಯದೆಂದು ವಿಚಾರಿಸಿದವರೂ ಇಲ್ಲ. ಮರ ಗಾಡಿ ಹತ್ತಿದ ಮೇಲೆ ಆ ಮಾಹಿತಿ ಮತ್ತೆ ಸಿಗುವುದಿಲ್ಲ.

ಸ್ಪೈಕ್ ರೋಗದ ವಿಷಯವೂ ಇಷ್ಟೇ. ಕೊಡಗಿನಲ್ಲಿ 1899ರಲ್ಲಿ ಕಾಣಿಸಿಕೊಂಡ ಈ ರೋಗಕ್ಕೆ ಇವತ್ತಿಗೂ ಮದ್ದಿಲ್ಲ. ಎಲೆ ಸಣ್ಣಗಾಗಿ ನಿಮಿರಿ ನಿಂತಿತೆಂದರೆ ಮರದ ಆಸೆ ಬಿಟ್ಟಂತೆ. ರೋಗ ಬಡಿದ ತೋಪಿನಲ್ಲಿ ಹಸಿರಾಗಿ ಉಳಿದ ಮರ ಕಂಡರೆ ಮೊದಲು ಅದರ ಎಲೆಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು.

ಹೊರಗಿನವರು ನಮಗಾಗಿ ಕಾದು ಕೂತಿಲ್ಲ. ಜರ್ಮನಿಯ ಬಿಎಎಸ್‌ಎಫ್ ಕಂಪನಿ 2020ರಲ್ಲಿ ಪಿಷ್ಟವನ್ನು ಹುದುಗಿಸಿ ತಯಾರಿಸಿದ ಸ್ಯಾಂಟಲಾಲನ್ನು ಮಾರುಕಟ್ಟೆಗೆ ತಂದಿತು. ಮರವೂ ಬೇಡ, ಕಾವಲುನಾಯಿಯೂ ಬೇಡ. ಅದನ್ನು ತಡೆಯಿರಿ ಎಂದು ನಾನು ಕೇಳುವುದಿಲ್ಲ, ಕಾಡಿನ ಗಂಧಕ್ಕೆ ಅದರಿಂದ ಒಳ್ಳೆಯದೇ ಆಗಬಹುದು. ಆದರೆ ಆ ಪೈಪೋಟಿಯಲ್ಲಿ ಮರ ಬೆಳೆಯುವವನು ಉಳಿಯಬೇಕಾದರೆ ಚೇಗು ಖಾತ್ರಿಯಿರುವ ಸಸಿ ಅವನಿಗೆ ಸಿಗಬೇಕು.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಸಂಸ್ಥೆ ಇದೆ, ಕಡಿಯುವ ಪರವಾನಗಿ ಕೊಡುವ ಅರಣ್ಯ ಇಲಾಖೆ ಇದೆ, ಕೊಳ್ಳುವ ಸೋಪು ಕಾರ್ಖಾನೆ ಇದೆ. ಪರವಾನಗಿಯ ಅರ್ಜಿಗೆ ಒಂದು ಪುಟ ಸೇರಿಸಲಿ: ಬೀಜದ ಮೂಲ, ಮರದ ವಯಸ್ಸು, ಆಸರೆ ಗಿಡ, ಮಣ್ಣು. ಜೊತೆಗೆ ಒಣಗಿಸಿದ ಎಲೆಯ ಒಂದು ಲಕೋಟೆ. ಕಟಾವಾದ ಮೇಲೆ ಚೇಗಿನ ತೂಕವನ್ನು ಅದೇ ಹಾಳೆಯಲ್ಲಿ ತುಂಬಿ, ಒಂದು ನಕಲನ್ನು ರೈತನಿಗೂ ಕೊಡಲಿ.