ಕಸದ ಬೆಟ್ಟದ ಮೀಥೇನ್: ಅಂಕಿ ಕೊಟ್ಟರೆ ಸಾಲದು, ಅಳತೆಯ ಲೆಕ್ಕವನ್ನೂ ಕೊಡಿ

2024ರ ಏಪ್ರಿಲ್‌ನಲ್ಲಿ ಪೂರ್ವ ದೆಹಲಿಯ ಗಾಜಿಪುರದ ಕಸದ ಬೆಟ್ಟಕ್ಕೆ ಬೆಂಕಿ ಬಿತ್ತು. ಅದಕ್ಕೂ ಎರಡು ವರ್ಷ ಮೊದಲು, ಅದೇ ಏಪ್ರಿಲ್‌ನಲ್ಲಿ, ಉತ್ತರ ದೆಹಲಿಯ ಭಲ್ಸ್ವಾ ಹೊತ್ತಿ ಉರಿದಿತ್ತು. ಕಸ ಒಳಗೊಳಗೇ ಕೊಳೆತಾಗ ಹುಟ್ಟುವ ಮೀಥೇನ್ ಇಂಥ ಬೆಂಕಿಗೆ ತುಪ್ಪ ಸುರಿಯುತ್ತದೆ. ಬೆಂಕಿ ಇಲ್ಲದ ದಿನವೂ ಅದು ಸುಮ್ಮನಿರುವುದಿಲ್ಲ. 20 ವರ್ಷದ ಲೆಕ್ಕ ಹಿಡಿದರೆ ಒಂದು ಟನ್ ಮೀಥೇನ್, ಸುಮಾರು 80 ಟನ್ ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ.

ಈ ಬೆಟ್ಟಗಳಿಂದ ಎಷ್ಟು ಮೀಥೇನ್ ಹೊರಬರುತ್ತಿದೆ? ದೆಹಲಿ, ಮುಂಬೈ, ಲಾಹೋರ್, ಬ್ಯೂನಸ್ ಐರಿಸ್ ನಗರಗಳನ್ನು ಉಪಗ್ರಹಗಳಿಂದ ಗಮನಿಸಿದ ಅಧ್ಯಯನವೊಂದು 2022ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾಗದದ ಮೇಲಿನ ಅಂದಾಜಿಗಿಂತ ಈ ನಗರಗಳ ಮೀಥೇನ್ 1.4ರಿಂದ 2.6 ಪಟ್ಟು ಹೆಚ್ಚಿದೆ ಎಂದಿತು. 2024ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಅಮೆರಿಕದ 200ಕ್ಕೂ ಹೆಚ್ಚು ಕಸದ ತಾಣಗಳನ್ನು ವಿಮಾನದಿಂದ ಅಳೆದವರೂ, ವರದಿಯಾಗಿದ್ದಕ್ಕಿಂತ ಸರಾಸರಿ 1.4 ಪಟ್ಟು ಹೆಚ್ಚು ಕಂಡರು.

ಇಂಥ ಸುದ್ದಿ ಬಂದಾಗ ಒಂದು ಗುಂಪು ಅಂಕಿಯನ್ನು ಪೋಸ್ಟರ್ ಮಾಡಿ ಹಂಚುತ್ತದೆ. ಇನ್ನೊಂದು ಗುಂಪು ‘ಆಕಾಶದಿಂದ ಮಾಡಿದ ಅಂದಾಜು’ ಎಂದು ತಳ್ಳಿಹಾಕುತ್ತದೆ. ಅಳತೆ ಹೇಗಾಯಿತು, ಅದನ್ನು ಯಾರು ಪರೀಕ್ಷಿಸಿದರು ಅಂತ ಕೇಳುವವರು ಕಮ್ಮಿ. ಕಸದ ಪಕ್ಕದಲ್ಲಿ ಬದುಕುವವರಿಗೆ ಬೇಕಾಗಿರುವುದು ಇದೇ ಪ್ರಶ್ನೆ.

ಬೆಳಕು ಏನನ್ನು ಅಳೆಯುತ್ತದೆ?

ಉಪಗ್ರಹವಿರಲಿ, ನೆಲದ ಮೇಲಿನ ಲೇಸರ್ ಇರಲಿ, ತತ್ವ ಒಂದೇ. ಮೀಥೇನ್ ಕೆಲವು ನಿರ್ದಿಷ್ಟ ಅತಿಗೆಂಪು ಕಿರಣಗಳನ್ನು ಹೀರಿಕೊಳ್ಳುತ್ತದೆ. ಎಷ್ಟು ಬೆಳಕು ಕಾಣೆಯಾಯಿತು ಎಂದು ನೋಡಿದರೆ, ಆ ದಾರಿಯಲ್ಲಿ ಎಷ್ಟು ಅನಿಲವಿತ್ತು ಎಂದು ಗೊತ್ತಾಗುತ್ತದೆ. ಗಮನಿಸಿ, ಇದು ಗಾಳಿಯಲ್ಲಿ ಆ ಕ್ಷಣ ಇದ್ದ ಅನಿಲ. ಗಂಟೆಗೆ ಎಷ್ಟು ಹೊರಬರುತ್ತಿದೆ ಎಂದು ಹೇಳಬೇಕಾದರೆ ಗಾಳಿಯ ವೇಗ ಬೇಕು.

ಎಡವಟ್ಟು ಆಗುವುದು ಇಲ್ಲಿಯೇ. ಗಾಳಿ ಸೆಕೆಂಡಿಗೆ 2 ಮೀಟರ್ ಬೀಸುತ್ತಿದ್ದು, ನೀವು 3 ಎಂದು ಹಿಡಿದರೆ ಉತ್ತರ ನೇರವಾಗಿ ಒಂದೂವರೆ ಪಟ್ಟಾಗುತ್ತದೆ. ಲೇಸರ್ ಎಷ್ಟೇ ದುಬಾರಿಯದ್ದಾಗಿದ್ದರೂ ಅಷ್ಟೇ. ಕಸದ ಬೆಟ್ಟದ ಇಳಿಜಾರಿನಲ್ಲಿ ಗಾಳಿ ಸುತ್ತುತ್ತದೆ, ಏರುತ್ತದೆ. ದೂರದ ವಿಮಾನ ನಿಲ್ದಾಣದ ಗಾಳಿಯ ಅಂಕಿ ತಂದು ಇಲ್ಲಿ ಅಂಟಿಸಿದರೆ ಹೇಗೆ ನಡೆದೀತು?

ಇಂಜಿನಿಯರಿಂಗ್ ಲ್ಯಾಬ್‌ನಲ್ಲಿ ರೀಡಿಂಗ್ ಪಕ್ಕದಲ್ಲಿ ‘ಇಷ್ಟು ಹೆಚ್ಚು ಅಥವಾ ಕಡಿಮೆ ಇರಬಹುದು’ ಅಂತ ಬರೆಯದಿದ್ದರೆ ನಮ್ಮ ಮೇಷ್ಟ್ರು ರೆಕಾರ್ಡ್‌ಗೆ ಸಹಿ ಹಾಕುತ್ತಿರಲಿಲ್ಲ. ಕೋಟ್ಯಂತರ ರೂಪಾಯಿಯ ಟೆಂಡರ್‌ಗಳಿಗೆ ಅಷ್ಟು ಶಿಸ್ತಾದರೂ ಬೇಡವೇ?

ಕಾಣದಿದ್ದರೆ ಇಲ್ಲವೆಂದೇ?

ಸೆಂಟಿನೆಲ್-5ಪಿ ಉಪಗ್ರಹದಲ್ಲಿರುವ ಟ್ರೊಪೊಮಿ ಉಪಕರಣದ ಒಂದು ಚುಕ್ಕೆ ನೆಲದ ಮೇಲೆ ಸುಮಾರು 5.5 ಕಿ.ಮೀ. ಉದ್ದ, 7 ಕಿ.ಮೀ. ಅಗಲ. ಅದರೊಳಗೆ ಬೆಟ್ಟವೂ ಇದೆ, ಊರೂ ಇದೆ. ಸುಮಾರು 25 ಮೀಟರ್‌ನಷ್ಟು ಸೂಕ್ಷ್ಮವಾಗಿ ನೋಡುವ ಜಿಎಚ್‌ಜಿಸ್ಯಾಟ್‌ನಂಥ ಉಪಗ್ರಹಗಳಿಗೂ ಒಂದು ಮಿತಿಗಿಂತ ಕಡಿಮೆ ಸೋರಿಕೆ ಕಾಣದು. ಮುಂಗಾರಿನ ಮೋಡ ಕವಿದರೆ ಎಲ್ಲವೂ ಕುರುಡು. ಹಾಗಾಗಿ ‘ಉಪಗ್ರಹಕ್ಕೆ ಏನೂ ಕಂಡಿಲ್ಲ’ ಎಂಬುದು ‘ಸೋರಿಕೆಯೇ ಇಲ್ಲ’ ಎಂಬುದಕ್ಕೆ ಸಾಕ್ಷಿಯಲ್ಲ. ನೆಲದ ಮೇಲಿನ ಅನಿಲ ಕ್ಯಾಮೆರಾ ಕತೆಯೂ ಹೀಗೇ. ಅನಿಲಕ್ಕೂ ಹಿನ್ನೆಲೆಗೂ ಉಷ್ಣತೆಯ ವ್ಯತ್ಯಾಸ ಇಲ್ಲದಿದ್ದರೆ ಅದಕ್ಕೆ ಏನೂ ಕಾಣಿಸದು.

ಇನ್ನೊಂದು ಸೂಕ್ಷ್ಮವಿದೆ. ವಾತಾವರಣದ ಒತ್ತಡ ಇಳಿಯುವಾಗ ಕಸದಿಂದ ಹೆಚ್ಚು ಅನಿಲ ಹೊರಬರುತ್ತದೆ, ಏರುವಾಗ ಕಡಿಮೆ. ಒತ್ತಡ ಇಳಿಯುವ ದಿನ ‘ಮೊದಲು’ ಎಂದು ಅಳೆದು, ಏರುವ ದಿನ ‘ನಂತರ’ ಎಂದು ಅಳೆದರೆ, ಒಂದು ಬುಟ್ಟಿ ಕಸ ಎತ್ತದೆಯೇ ಮೀಥೇನ್ ‘ಇಳಿಸಿ’ ತೋರಿಸಬಹುದು. ಆ ಇಳಿಕೆಗೆ ಬಿಲ್ ಕೂಡ ಪಾಸಾಗಬಹುದು.

ಪರೀಕ್ಷೆ ಅಂದರೆ ಏನು?

ಕಷ್ಟದ ಸಂಗತಿಯೇನಲ್ಲ. ಒಂದು, ಅಳತೆಗೆ ಮೊದಲು ಮತ್ತು ನಂತರ ಗೊತ್ತಿರುವ ಪ್ರಮಾಣದ ಮೀಥೇನ್ ತೋರಿಸಿ ಉಪಕರಣ ಸರಿ ಓದುತ್ತದೆಯೇ ನೋಡಬೇಕು. ಎರಡು, ಗಾಳಿಯನ್ನು ಸ್ಥಳದಲ್ಲೇ ಅಳೆಯಬೇಕು. ಮೂರು, ಗಾಳಿ ಬರುವ ದಿಕ್ಕಿನಲ್ಲೂ ಅಳೆದು ಹಿನ್ನೆಲೆಯ ಮೀಥೇನ್ ಕಳೆಯಬೇಕು. ಗಾಜಿಪುರದ ಪಕ್ಕದಲ್ಲೇ ಹೈನು ಕೊಟ್ಟಿಗೆಗಳಿವೆ. ದನಗಳ ಮೀಥೇನ್ ಕಸದ ಲೆಕ್ಕಕ್ಕೆ ಸೇರಿದರೆ ಟೀಕಾಕಾರರಿಗೆ ಹಬ್ಬ.

ನಾಲ್ಕನೆಯದು ನಿಜವಾದ ಅಗ್ನಿಪರೀಕ್ಷೆ. ಗೊತ್ತಿರುವ ಪ್ರಮಾಣದ ಅನಿಲವನ್ನು ಬಿಟ್ಟು, ಎಷ್ಟೆಂದು ಹೇಳದೆ, ಅಳೆಯುವವರಿಂದ ಉತ್ತರ ಕೇಳುವುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಅರಿಜೋನಾದಲ್ಲಿ ಉಪಗ್ರಹ ತಂಡಗಳಿಗೆ ಇದೇ ಪರೀಕ್ಷೆ ಒಡ್ಡಿ, ಫಲಿತಾಂಶ ಪ್ರಕಟಿಸಿದ್ದಾರೆ. ಆದರೆ ಅಲ್ಲಿ ಸಮತಟ್ಟು ಮರುಭೂಮಿ, ಅನಿಲ ಒಂದೇ ಕಡೆಯಿಂದ ಬರುತ್ತಿತ್ತು. ಕಸದ ಬೆಟ್ಟದಲ್ಲಿ ನೂರು ಬಿರುಕು. ಅಲ್ಲಿ ಪಾಸಾದವರು ಇಲ್ಲೂ ಪಾಸು ಅಂತ ನಂಬಲಾಗದು. ಪರೀಕ್ಷೆ ಇಲ್ಲಿಯೇ ನಡೆಯಬೇಕು.

ನಿಯಮ ಏನು ಹೇಳಿತ್ತು?

ನಮ್ಮ 2016ರ ಘನತ್ಯಾಜ್ಯ ನಿಯಮಗಳು, ಕಸದ ತಾಣದಲ್ಲಿ ಮೀಥೇನ್ ಪ್ರಮಾಣ ಸ್ಫೋಟದ ಕನಿಷ್ಠ ಮಿತಿಯ ಶೇ. 25 ಮೀರಬಾರದು ಎಂದವು. ಲೆಕ್ಕ ಹಾಕಿದರೆ ಅದು 12,500 ಪಿಪಿಎಂ. ಅಮೆರಿಕದಲ್ಲಿ ದೊಡ್ಡ ತಾಣಗಳ ಮೇಲ್ಮೈಯಲ್ಲಿ ಹಿನ್ನೆಲೆಗಿಂತ 500 ಪಿಪಿಎಂ ಹೆಚ್ಚಾದರೆ ರಿಪೇರಿ ಕಡ್ಡಾಯ. ಮೊದಲನೆಯದು ಸ್ಫೋಟ ತಡೆಯುವ ನಿಯಮ, ಎರಡನೆಯದು ಸೋರಿಕೆ ಹಿಡಿಯುವ ನಿಯಮ. ಸ್ಫೋಟದ ಮಿತಿಯೊಳಗಿದ್ದೂ ಬೆಟ್ಟವೊಂದು ದಿನಕ್ಕೆ ಟನ್‌ಗಟ್ಟಲೆ ಮೀಥೇನ್ ಬಿಡಬಹುದು.

ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರ, ಮಂಡೂರಿನ ಜನ ವರ್ಷಗಟ್ಟಲೆ ಬೀದಿಗಿಳಿದು ಲಾರಿ ನಿಲ್ಲಿಸಿದರು. ಲಾರಿ ನಿಂತ ಮೇಲೂ ಹೂತ ಕಸ ದಶಕಗಳ ಕಾಲ ಅನಿಲ ಬಿಡುತ್ತದೆ. ಇಂಥ ಊರುಗಳಿಗೆ ನಾಳೆ ಯಾರಾದರೂ ಡ್ರೋನ್ ಹಾರಿಸಿ ‘ಎಲ್ಲಾ ಸರಿಯಿದೆ’ ಎಂದು ವರದಿ ಕೊಟ್ಟರೆ, ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ಎಷ್ಟು ಕಮ್ಮಿ ಅನಿಲದವರೆಗೆ ನಿಮ್ಮ ಉಪಕರಣಕ್ಕೆ ಕಾಣುತ್ತದೆ? ಗಾಳಿಯನ್ನು ಎಲ್ಲಿ ಅಳೆದಿರಿ? ಗೊತ್ತಿರುವ ಅನಿಲ ಬಿಟ್ಟು ಪರೀಕ್ಷಿಸಿದಾಗ ಎಷ್ಟು ತಪ್ಪಿತು?

ಉತ್ತರ ಕೊಡಲಾಗದ ವರದಿ ಸರ್ಕಾರದ್ದಾದರೂ ಒಂದೇ, ಕಂಪನಿಯದ್ದಾದರೂ ಒಂದೇ, ನಮ್ಮ ಪರ ಇರುವವರದ್ದಾದರೂ ಒಂದೇ. ವಾಪಸ್ ಕಳಿಸಿ, ಮತ್ತೆ ಅಳೆದು ತರಲು ಹೇಳಿ.