ಹಾಡ್ರಿ, ಆದರ ಸುದ್ದಿ ಹೇಳಬ್ಯಾಡ್ರಿ

ಹೈದರಾಬಾದಿನಿಂದ ಬೀದರಿಗೆ ಹೋಗುವಾಗ ಜಹೀರಾಬಾದಿನಲ್ಲಿ ಚಹಾ ಕುಡಿಯದವರು ನಮ್ಮಲ್ಲಿ ಕಡಿಮೆ. ಅಲ್ಲೇ ಹತ್ತಿರದ ಮಾಚನೂರಿನಲ್ಲಿ 2008ರ ಅಕ್ಟೋಬರಿನಲ್ಲಿ ಸಂಘಂ ರೇಡಿಯೋ ಶುರುವಾಯಿತು. ಮೈಕು ಹಿಡಿದವರು ಹೊಲದಲ್ಲಿ ದುಡಿಯುವ ದಲಿತ ಹೆಣ್ಣುಮಕ್ಕಳು. ಬೀಜ, ಮನೆಮದ್ದು, ಹಬ್ಬದ ಹಾಡು ಎಲ್ಲವೂ ಅವರ ಆಡುಮಾತಿನ ತೆಲುಗಿನಲ್ಲೇ.

ಇದನ್ನು ಹೇಳಿದಾಗಲೆಲ್ಲ ಗೆಳೆಯರು, ‘ಎಷ್ಟು ಚಂದ, ಜಾನಪದ ಉಳೀತದ’ ಅನ್ನುತ್ತಾರೆ. ನನ್ನ ತಕರಾರು ಈ ‘ಚಂದ’ದ ಜೊತೆಗೇ.

ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. ಸರ್ಕಾರ 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ರೇಡಿಯೋದ ಬಾಗಿಲು ತೆರೆಯಿತು. ಆದರೆ ಸ್ವಂತ ಸುದ್ದಿ ಹೇಳುವಂತಿಲ್ಲ. ಆಕಾಶವಾಣಿಯ ಸುದ್ದಿ ಬೇಕಾದರೆ ಹಾಕಬಹುದು. 2024ರ ನಿಯಮಗಳು ಸಲಹಾ ಸಮಿತಿಯಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು ಎಂದವು. ಕುರ್ಚಿ ಸಿಕ್ಕಿತು, ಬಾಯಿಯ ಬೀಗ ಹಾಗೇ ಉಳಿಯಿತು.

ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದರೆ ಅದು ಮಾಹಿತಿ. ಪೈಪಿನ ದುಡ್ಡು ಎಲ್ಲಿ ಹೋಯಿತು ಎಂದರೆ? ಅಲ್ಲಿಗೆ ಪರವಾನಗಿಯ ಭಯ ಶುರು. ಕೊಡ ಹೊರುವವಳು ನೀರಿನ ಹಾಡು ಹಾಡಬಹುದು, ನೀರಿನ ಲೆಕ್ಕ ಕೇಳಬಾರದು.

‘ಸುಳ್ಳು ಸುದ್ದಿ ಹಬ್ಬಿಸಿದರೆ?’ ಎನ್ನುವವರಿದ್ದಾರೆ. ಟಿವಿಗಳು ದಿನವಿಡೀ ಕಿರುಚುವಾಗ, ವಾಟ್ಸಾಪಿನಲ್ಲಿ ಹೆಸರು ವಿಳಾಸವಿಲ್ಲದ ಪುಕಾರು ಹರಿದಾಡುವಾಗ ಇಲ್ಲದ ಭಯ ಈ ಪುಟ್ಟ ಸ್ಟೇಷನ್ನಿನ ಮೇಲೇಕೆ? ಅದಕ್ಕೆ ಪರವಾನಗಿ ಇದೆ. ಪ್ರಸಾರ ಮಾಡಿದ್ದನ್ನು ಮೂರು ತಿಂಗಳು ಕಾಪಿಡಬೇಕೆಂಬ ನಿಯಮವೂ ಇದೆ. ಅದರ ದನಿ ಮುಟ್ಟುವುದೇ ಸುತ್ತಲಿನ ಹಳ್ಳಿಗಳಿಗೆ. ಮಾತಾಡಿದವಳ ಮನೆ ಕೇಳುವವರಿಗೆ ಗೊತ್ತು. ಸುಳ್ಳು ಹೇಳಿದರೆ ಮರುದಿನವೇ ಅವಳ ಕಟ್ಟೆಯ ಮುಂದೆ ನಿಂತು ಕೇಳುತ್ತಾರೆ. ಇದಕ್ಕಿಂತ ದೊಡ್ಡ ಕಾವಲು ಯಾವ ಚಾನೆಲ್ಲಿಗಿದೆ?

ಸರ್ಕಾರವನ್ನಷ್ಟೇ ಬೈದರೆ ಅರ್ಧ ಸತ್ಯ. ಕಳೆದ ರಾಜ್ಯೋತ್ಸವದ ಸಭೆಯಲ್ಲಿ ನಾನು ನಮ್ಮ ಸಂಘದ ಖರ್ಚಿನ ಲೆಕ್ಕ ಕೇಳಿದೆ. ‘ಅಕ್ಕಾ, ನೀವು ಪ್ರಾರ್ಥನಾ ಗೀತೆ ನೋಡಿಕೊಳ್ರಿ’ ಎಂಬ ಉತ್ತರ ಬಂತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗುವಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಸುದ್ದಿಯ ನಿರ್ಬಂಧ ತೆಗೆಯಿರಿ ಎಂದು ದಿಲ್ಲಿಗೆ ಬರೆಯೋಣ, ಸರಿ. ಅದಕ್ಕೂ ಮೊದಲು ಈ ನವೆಂಬರಿನಲ್ಲಿ ನಮ್ಮ ಸಂಘದ ಲೆಕ್ಕಪತ್ರವನ್ನು ಹೆಣ್ಣುಮಕ್ಕಳೇ ಮೈಕಿನಲ್ಲಿ ಓದಲಿ. ಪ್ರಾರ್ಥನೆಯನ್ನು ಗಂಡಸರು ಹಾಡಲಿ, ಅವರಿಗೂ ಕಂಠವಿದೆ.